ಹಳಿ ತಿರುಚಿದ ಯುದ್ಧ

ಮಣ್ಣಿನ ದಾರಿಯಲ್ಲಿ ಗಾಡಿಯ ಚಕ್ರ ಹೂತುಕೊಳ್ಳುತ್ತದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ಎರಡೂ ಅಷ್ಟಾಗಿ ತಗ್ಗುವುದಿಲ್ಲ. ಅದೇ ಭಾರ ಎಳೆಯಲು ಹತ್ತರಲ್ಲೊಂದು ಪಾಲು ಬಲವೂ ಬೇಡ. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಸಿಡಿದು ಹೋಗಿ 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧವನ್ನು ಈ ಸರಳ ಭೌತವಿಜ್ಞಾನವಿಲ್ಲದೆ ಅರ್ಥಮಾಡಿಕೊಳ್ಳಲಾಗದು. 1864ರಲ್ಲಿ ಅಟ್ಲಾಂಟಾ ಮೇಲೆ ದಂಡೆತ್ತಿ ಹೋದ ಉತ್ತರದ ಸೇನಾನಿ ವಿಲಿಯಂ ಶರ್ಮನ್‌ನ ಸೈನ್ಯಕ್ಕೆ ಅನ್ನ, ಮದ್ದುಗುಂಡು, ಕುದುರೆಗಳ ಮೇವು ಎಲ್ಲವೂ ಲೂಯಿವಿಲ್‌ನಿಂದ ಹಿಡಿದು 473 ಮೈಲಿ ಉದ್ದದ ಒಂಟಿ ಹಳಿಯ ಮೇಲೆ ಬರುತ್ತಿದ್ದವು. ರೈಲು ಇಲ್ಲದಿದ್ದರೆ ಆರಾರು ಹೇಸರಗತ್ತೆ ಕಟ್ಟಿದ 36,800 ಗಾಡಿಗಳು ಬೇಕಾಗುತ್ತಿದ್ದವು, ಅಲ್ಲಿನ ರಸ್ತೆಗಳಲ್ಲಿ ಅದು ಆಗದ ಮಾತು ಎಂದು ಅವನೇ ಲೆಕ್ಕ ಹಾಕಿ ಬರೆದಿದ್ದಾನೆ.

ಆದರೆ ಒಂಟಿ ಹಳಿಯಲ್ಲಿ ಎದುರು ಬಂದ ರೈಲಿಗೆ ದಾರಿ ಬಿಡಲೇಬೇಕು. ಉಗಿ ಎಂಜಿನ್ನಿಗೆ ಸೌದೆ, ನೀರು ತುಂಬುತ್ತಲೇ ಇರಬೇಕು. 1862ರ ಏಪ್ರಿಲ್ 12ರಂದು ಜೇಮ್ಸ್ ಆಂಡ್ರೂಸ್ ಎಂಬ ಉತ್ತರದ ಗೂಢಚಾರನ ತಂಡ ಸೋತದ್ದು ಇಲ್ಲಿಯೇ. ಜಾರ್ಜಿಯಾದ ಬಿಗ್ ಶ್ಯಾಂಟಿಯಲ್ಲಿ ರೈಲಿನವರೆಲ್ಲ ತಿಂಡಿಗೆ ಇಳಿದಿದ್ದಾಗ ‘ಜನರಲ್’ ಎಂಬ ಎಂಜಿನ್ನನ್ನು ಈ ತಂಡ ಹಾರಿಸಿಕೊಂಡು ಹೊರಟಿತು. ದಾರಿಯ ಸೇತುವೆಗಳನ್ನು ಸುಟ್ಟು ಚಾಟನೂಗಾಕ್ಕೆ ಹೋಗುವ ಮಾರ್ಗ ಕಡಿಯುವುದು ಉದ್ದೇಶ. ಕಿಂಗ್‌ಸ್ಟನ್‌ನಲ್ಲಿ ಎದುರಿನ ಗೂಡ್ಸ್ ರೈಲುಗಳಿಗಾಗಿ ಗಂಟೆಗೂ ಮೀರಿ ಕಾಯಬೇಕಾಯಿತು. ಮಳೆಗೆ ನೆನೆದ ಸೇತುವೆ ಹೊತ್ತಿಕೊಳ್ಳಲಿಲ್ಲ. ರೈಲಿನ ಗಾರ್ಡ್ ವಿಲಿಯಂ ಫುಲ್ಲರ್ ಮೊದಲು ಓಡುತ್ತ, ಆಮೇಲೆ ಟ್ರಾಲಿಯಲ್ಲಿ, ಕೊನೆಗೆ ‘ಟೆಕ್ಸಾಸ್’ ಎಂಬ ಎಂಜಿನ್ನನ್ನು ಹಿಮ್ಮುಖವಾಗಿಯೇ ಓಡಿಸುತ್ತ ಬೆನ್ನು ಬಿಡದೆ ಬಂದ. ರಿಂಗ್‌ಗೋಲ್ಡ್ ಬಳಿ ಸೌದೆ ಮುಗಿಯಿತು; ಒಲೆ ತಣ್ಣಗಾದರೆ ಬಾಯ್ಲರಿನಲ್ಲಿ ಒತ್ತಡ ಎಲ್ಲಿಂದ ಬರಬೇಕು? ಆಂಡ್ರೂಸ್ ಮತ್ತು ಏಳು ಮಂದಿಯನ್ನು ದಕ್ಷಿಣದವರು ಗಲ್ಲಿಗೇರಿಸಿದರು.

ಎಂಜಿನ್ ಕದಿಯುವುದಕ್ಕಿಂತ ಹಳಿ ಕೆಡಿಸುವುದು ಪರಿಣಾಮಕಾರಿ. ಶರ್ಮನ್‌ನ ಸೈನಿಕರು ಸ್ಲೀಪರುಗಳನ್ನು ಕಿತ್ತು ರಾಶಿ ಹಾಕಿ ಬೆಂಕಿ ಇಟ್ಟು, ಮೇಲೆ ಹಳಿಗಳನ್ನು ಅಡ್ಡ ಹಾಕುತ್ತಿದ್ದರು. ನಡುಭಾಗ ಕೆಂಪಗೆ ಕಾದ ಮೇಲೆ ಮರಕ್ಕೆ ಸುತ್ತಿ ಬಾಗಿಸುವುದು ರೂಢಿ. ಆದರೆ ಬರೀ ಬಾಗಿದ ಹಳಿಯನ್ನು ಮತ್ತೆ ಕಾಯಿಸಿ ಬಡಿದು ನೆಟ್ಟಗೆ ಮಾಡಬಹುದು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಹಳಿಯ ತಲೆ ಒಂದು ಕಡೆ, ಬುಡ ಇನ್ನೊಂದು ಕಡೆ ತಿರುಗುತ್ತದೆ. ಅದು ಕಮ್ಮಾರನ ಸುತ್ತಿಗೆಗೆ ಬಗ್ಗುವುದಿಲ್ಲ, ಕಾರ್ಖಾನೆಯಲ್ಲಿ ಕರಗಿಸಿಯೋ ಕಾಯಿಸಿಯೋ ಹೊಸದಾಗಿಯೇ ಎಳೆಯಬೇಕು. ಅದಕ್ಕೇ ತಿರುಚಲೇಬೇಕೆಂದು ಶರ್ಮನ್ ಒತ್ತಿ ಹೇಳುತ್ತಿದ್ದ. ನನಗೆ ಇಡೀ ಯುದ್ಧದಲ್ಲಿ ಅತ್ಯಂತ ಲೆಕ್ಕಾಚಾರದ ಆಜ್ಞೆ ಅನ್ನಿಸುವುದು ಇದೇ.

ಕಿತ್ತದ್ದನ್ನು ಕಟ್ಟುವ ಕಲೆಯೂ ಉತ್ತರದವರಿಗೆ ಗೊತ್ತಿತ್ತು. 1862ರಲ್ಲಿ ಎಂಜಿನಿಯರ್ ಹರ್ಮನ್ ಹಾಪ್ಟ್ ಪೊಟೊಮ್ಯಾಕ್ ಕ್ರೀಕ್ ಮೇಲೆ ಸುಮಾರು 400 ಅಡಿ ಉದ್ದದ ಸೇತುವೆಯನ್ನು ಕಾಡಿನ ಮರ ಕಡಿದು ತಂದು, ಅನನುಭವಿ ಸೈನಿಕರ ಕೈಯಿಂದಲೇ ಎರಡು ವಾರದೊಳಗೆ ನಿಲ್ಲಿಸಿದ. ದಕ್ಷಿಣದಲ್ಲಿ ಕಬ್ಬಿಣವೆಲ್ಲ ಫಿರಂಗಿಗೆ, ಹಡಗಿನ ಕವಚಕ್ಕೆ ಹೋಗುತ್ತಿತ್ತು. ಹೊಸ ಹಳಿ ಸಿಗದ ಅವರು ಸಣ್ಣ ಮಾರ್ಗಗಳ ಹಳಿ ಕಿತ್ತು ಮುಖ್ಯ ಮಾರ್ಗಗಳಿಗೆ ಹಾಕಿಕೊಳ್ಳಬೇಕಾಯಿತು.