ಹಳೆಯ ಕಾರಿನ ವಿದ್ಯುತ್ ದೋಷ: ಪತ್ತೆಯ ಕ್ರಮ ಮತ್ತು ವೆಚ್ಚದ ಲೆಕ್ಕ

ಸಣ್ಣ ವ್ಯಾಪಾರಿಗಳು ಹಾಗೂ ಉದ್ದಿಮೆದಾರರು ಹತ್ತು-ಹದಿನೈದು ವರ್ಷ ಹಳೆಯ ಕಾರನ್ನು ವ್ಯವಹಾರಕ್ಕೆ ಬಳಸುವುದು ಸಾಮಾನ್ಯ. ಶೇ. 15ರ ಸವಕಳಿ ದರದಲ್ಲಿ 5 ಲಕ್ಷ ರೂ. ಬೆಲೆಯ ಕಾರು ಹತ್ತು ವರ್ಷಗಳ ತರುವಾಯ ಲೆಕ್ಕಪುಸ್ತಕದಲ್ಲಿ ಸುಮಾರು 98,000 ರೂ.ಗೆ ಇಳಿದಿರುತ್ತದೆ. ಆದರೆ ಪುಸ್ತಕದ ಮೌಲ್ಯ ಬೇರೆ, ಉಪಯುಕ್ತತೆ ಬೇರೆ. ಇಂತಹ ವಾಹನದ ಮಾಲೀಕನನ್ನು ಹೆಚ್ಚು ಕಾಡುವುದು ಒಮ್ಮೆ ಕಾಣಿಸಿ ಒಮ್ಮೆ ಮರೆಯಾಗುವ ದೋಷ. ಬೆಳಿಗ್ಗೆ ಸ್ಟಾರ್ಟ್ ಆಗದ ಕಾರು ಗ್ಯಾರೇಜಿನಲ್ಲಿ ಮೊದಲ ಯತ್ನದಲ್ಲೇ ಸ್ಟಾರ್ಟ್ ಆಗುತ್ತದೆ. ಆಗ ಊಹೆಯ ಮೇಲೆ ಮೊದಲು ಬ್ಯಾಟರಿ, ಆನಂತರ ಸೆಲ್ಫ್ ಮೋಟಾರ್, ಕೊನೆಗೆ ಆಲ್ಟರ್ನೇಟರ್ ಬದಲಾಗುತ್ತವೆ. ದೋಷ ಮಾತ್ರ ಉಳಿಯುತ್ತದೆ. ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನ ಹಾಗೂ ಅದರ ದುರಸ್ತಿಯ ಮೇಲಿನ ಜಿಎಸ್‌ಟಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ, ಬಿಲ್ಲಿನ ತೆರಿಗೆಯೂ ಪೂರ್ತಿ ವೆಚ್ಚವೇ ಆಗುತ್ತದೆ.

ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದಾಗ ಅಂದಾಜಿನ ಮೇಲೆ ನಮೂದು ಹಾಕುವುದಿಲ್ಲ, ಮೂಲ ವೋಚರಿನವರೆಗೆ ಹೋಗಲಾಗುತ್ತದೆ. ಇಲ್ಲಿಯೂ ಅದೇ ಕ್ರಮ ಸೂಕ್ತ.

ಮೊದಲು ದಾಖಲೆ

ದೋಷ ಕಾಣಿಸಿದ ಪ್ರತಿ ಬಾರಿಯೂ ದಿನಾಂಕ, ವೇಳೆ, ಎಂಜಿನ್ ಬಿಸಿಯಾಗಿತ್ತೇ ತಣ್ಣಗಿತ್ತೇ, ಮಳೆಯಿತ್ತೇ, ಕಾರು ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಬರೆದಿಡಬೇಕು. ಮುಖ್ಯವಾದ ಪ್ರಶ್ನೆ ಒಂದೇ: ಸೆಲ್ಫ್ ತಿರುಗಲಿಲ್ಲವೇ, ಅಥವಾ ಸೆಲ್ಫ್ ತಿರುಗಿಯೂ ಎಂಜಿನ್ ಸ್ಟಾರ್ಟ್ ಆಗಲಿಲ್ಲವೇ? ಮೊದಲನೆಯದಾದರೆ ಬ್ಯಾಟರಿ, ಕೇಬಲ್, ಇಗ್ನಿಷನ್ ಸ್ವಿಚ್, ರಿಲೇ, ಸೆಲ್ಫ್ ಮೋಟಾರ್‌ಗಳನ್ನು ಪರೀಕ್ಷಿಸಬೇಕು. ಎರಡನೆಯದಾದರೆ ಕಿಡಿ ಅಥವಾ ಇಂಧನದ ಪೂರೈಕೆಯಲ್ಲಿ ಕಾರಣ ಹುಡುಕಬೇಕು.

ಮೀಟರಿನ ಸಾಕ್ಷ್ಯ

ಸಾಧಾರಣ ಮಲ್ಟಿಮೀಟರ್ ಒಂದರಿಂದ ಬಹಳಷ್ಟು ತಿಳಿಯಬಹುದು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿದರೆ ಪೂರ್ಣ ಚಾರ್ಜ್ ಇದೆ, 12.2 ತೋರಿದರೆ ಅರ್ಧದಷ್ಟು ಮಾತ್ರ. ಸೆಲ್ಫ್ ತಿರುಗುವಾಗ ಇದು 9.6 ವೋಲ್ಟಿಗಿಂತ ಕೆಳಗಿಳಿದರೆ, ಪೂರ್ಣ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಬೇಕು. ಆಗಲೂ ಇಳಿದರೆ ಬ್ಯಾಟರಿಯನ್ನು ಸಂಶಯಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ ಎಂದರ್ಥ.

ಹೆಡ್‌ಲೈಟ್ ಪ್ರಕಾಶಮಾನವಾಗಿದ್ದರೂ ಸೆಲ್ಫ್ ಕೇವಲ ‘ಟಕ್’ ಎಂದು ನಿಲ್ಲುವುದು ಅನೇಕರಿಗೆ ಒಗಟು. ಸೆಲ್ಫ್ ಮೋಟಾರ್ ನೂರು ಆಂಪಿಯರಿಗೂ ಮೇಲ್ಪಟ್ಟು ವಿದ್ಯುತ್ ಎಳೆಯಬಲ್ಲದು. ಸವೆದ ಅರ್ತ್ ಕೇಬಲಿನಲ್ಲಿ 0.02 ಓಮ್‌ನಷ್ಟು ಪ್ರತಿರೋಧವಿದ್ದರೂ ನೂರು ಆಂಪಿಯರಿಗೆ 2 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಅದೇ ಪ್ರತಿರೋಧದಲ್ಲಿ ಐದು ಆಂಪಿಯರಿನ ದೀಪಕ್ಕೆ ಆಗುವ ನಷ್ಟ 0.1 ವೋಲ್ಟ್ ಮಾತ್ರ. ಆದುದರಿಂದ ಕೇಬಲನ್ನು ಸುಮ್ಮನೆ ನೋಡಿದರೆ ಸಾಲದು. ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಅಳೆಯಬೇಕು. 0.2 ವೋಲ್ಟಿಗಿಂತ ಹೆಚ್ಚಿದ್ದರೆ ಜೋಡಣೆಯನ್ನು ಬಿಚ್ಚಿ ಉಜ್ಜಿ ಬಿಗಿಗೊಳಿಸಬೇಕು. ಉಪ್ಪುಗಾಳಿಯ ಕರಾವಳಿಯಲ್ಲಿ ಟರ್ಮಿನಲ್‌ಗಳು ಬೇಗ ತುಕ್ಕು ಹಿಡಿಯುವುದರಿಂದ ಈ ಪರೀಕ್ಷೆ ಅಲ್ಲಿ ಇನ್ನಷ್ಟು ಅಗತ್ಯ.

ನಿಂತಲ್ಲಿಯ ಸೋರಿಕೆ

ರಜೆಯ ಮರುದಿನ ಮಾತ್ರ ಕಾರು ಕೈಕೊಟ್ಟರೆ ವಿದ್ಯುತ್ ಸೋರಿಕೆಯನ್ನು ಶಂಕಿಸಬೇಕು. ಕಾರು ನಿಂತಿರುವಾಗ 50 ಮಿಲಿ ಆಂಪಿಯರ್‌ವರೆಗಿನ ಬಳಕೆ ಸಹಜ. ಡಿಕ್ಕಿಯ ದೀಪವೋ ಹೊರಗಿನಿಂದ ಜೋಡಿಸಿದ ಸ್ಟೀರಿಯೋ ಅಲಾರಂಗಳೋ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ, ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗಿನ 36 ಗಂಟೆಗಳಲ್ಲಿ 18 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಅರ್ಧಕ್ಕೂ ಮಿಗಿಲು. ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಮೀಟರ್ ಗಮನಿಸಿದರೆ ದೋಷವಿರುವ ಸರ್ಕ್ಯೂಟ್ ತಿಳಿಯುತ್ತದೆ. ಮೀಟರ್ ಜೋಡಿಸಿದಾಗ ಸೆಲ್ಫ್ ಹೊಡೆಯಬಾರದು.

ಬಿಸಿಯಾದಾಗ ಮಾತ್ರ ನಿಂತು, ತಣಿದ ಮೇಲೆ ಸ್ಟಾರ್ಟ್ ಆಗುವ ಇಂಜೆಕ್ಷನ್ ಕಾರಿನಲ್ಲಿ ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಕಾಯಿಲ್ ಅಥವಾ ಫ್ಯುಯೆಲ್ ಪಂಪ್ ರಿಲೇ ಸಂಶಯಾಸ್ಪದ. ದೋಷವಿರುವ ಹೊತ್ತಿನಲ್ಲೇ ಕಿಡಿಯಿದೆಯೇ, ಇಂಧನದ ಒತ್ತಡವಿದೆಯೇ ಎಂದು ನುರಿತ ಆಟೋ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿದರೆ ಮಾತ್ರ ನಿರ್ಣಯ ಸಾಧ್ಯ.

ಮಾಲೀಕರು ಗಮನಿಸಬೇಕಾದುದು

ಬಿಡಿಭಾಗ ಬದಲಿಸುವ ಮುನ್ನ ಅಳತೆಯ ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಒಮ್ಮೆಗೆ ಒಂದೇ ಭಾಗ ಬದಲಿಸಿ ಫಲಿತಾಂಶ ಕಾಯಬೇಕು. ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಬ್ಯಾಟರಿಯ ಬಳಿ ಬೆಂಕಿ ತರಬಾರದು. ಬಿಚ್ಚುವಾಗ ಋಣ ತುದಿಯನ್ನೇ ಮೊದಲು ಬಿಚ್ಚಬೇಕು. ಪ್ರತಿ ವಾಹನದ ದುರಸ್ತಿಗೆ ಪ್ರತ್ಯೇಕ ಖಾತೆ ಇರಿಸುವುದು ಲೇಸು.

ಕಾರನ್ನು ಉಳಿಸಿಕೊಳ್ಳಬೇಕೇ ಮಾರಬೇಕೇ ಎಂಬ ನಿರ್ಧಾರವನ್ನು ದುರಸ್ತಿ ವೆಚ್ಚ, ವ್ಯರ್ಥವಾದ ದಿನಗಳು, ಹದಿನೈದು ವರ್ಷಗಳ ನಂತರದ ನೋಂದಣಿ ನವೀಕರಣ ಹಾಗೂ ಬದಲಿ ವಾಹನದ ಬೆಲೆಗಳನ್ನು ಒಟ್ಟಿಗೆ ತೂಗಿ ಕೈಗೊಳ್ಳಬೇಕು. ದೋಷ ಯಾವುದೆಂದು ತಿಳಿಯುವ ಮೊದಲೇ ಕಾರು ಮಾರುವುದು, ಉಜ್ಜಿ ಬಿಗಿಗೊಳಿಸಿದರೆ ಸರಿಹೋಗುವ ಒಂದು ಕೇಬಲಿಗಾಗಿ ಸ್ವತ್ತನ್ನೇ ಕಳೆದುಕೊಂಡಂತಾದೀತು.