ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ಮತ್ತು ವೈನ್

ಸಮುದ್ರಮಟ್ಟದಿಂದ 1478 ಮೀಟರ್ ಎತ್ತರವಿರುವ ನಂದಿಬೆಟ್ಟವು ಕೋಟೆಗೂ ಯೋಗನಂದೀಶ್ವರ ದೇಗುಲಕ್ಕೂ ಹೆಸರಾಗಿದ್ದರೂ, ಅದರ ತಪ್ಪಲಿನ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಸೀಮೆಯು ಕರ್ನಾಟಕದ ಪ್ರಮುಖ ವೈನ್ ಪ್ರದೇಶವೆಂಬುದು ಅಷ್ಟಾಗಿ ತಿಳಿದಿಲ್ಲ. ಇಲ್ಲಿನ ರೈತರು ತಲೆಮಾರುಗಳಿಂದ ಬೆಳೆಯುತ್ತಿರುವ, ಹೆಚ್ಚಾಗಿ ರಸಕ್ಕೂ ಸಿಹಿ ವೈನಿಗೂ ಬಳಕೆಯಾಗುವ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ನಿರ್ದಿಷ್ಟ ನೆಲದ ಗುಣವನ್ನು ಹೊತ್ತ ಉತ್ಪನ್ನಕ್ಕೆ ಸಲ್ಲುವ ಕಾನೂನಿನ ಮಾನ್ಯತೆ, ದೊರೆಯಿತು. ಯುರೋಪಿನ ವೈನ್ ತಳಿಗಳಾದ ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್ ಮುಂತಾದವು ಇಲ್ಲಿ ನೆಲೆಯೂರಲು 1988ರಲ್ಲಿ ಆರಂಭವಾದ ಗ್ರೋವರ್ ಎಂಬ ವೈನ್ ಸಂಸ್ಥೆಯು ಫ್ರೆಂಚ್ ತಜ್ಞರ ನೆರವಿನಿಂದ ನಡೆಸಿದ ಪ್ರಯತ್ನವೇ ಮುಖ್ಯ ಕಾರಣ.

ಶೀತದೇಶಗಳಲ್ಲಿ ಎಲೆಯುದುರಿಸಿ ಚಳಿಗಾಲವಿಡೀ ವಿಶ್ರಮಿಸುವ ಬಳ್ಳಿಯು ಇಲ್ಲಿ ಸದಾ ಚಿಗುರುವುದರಿಂದ, ಬೇಸಿಗೆಯಲ್ಲಿ ಕಡ್ಡಿ ಬಲಿಯಲೆಂದು ಒಮ್ಮೆ, ಮಳೆಗಾಲದ ಕೊನೆಯಲ್ಲಿ ಹಣ್ಣಿಗಾಗಿ ಮತ್ತೊಮ್ಮೆ ಅದನ್ನು ಸವರಬೇಕಾಗುತ್ತದೆ. ಹಗಲಿನ ಬಿಸಿಲು ಹಣ್ಣಿನ ಸಕ್ಕರೆಯನ್ನು ಹೆಚ್ಚಿಸಿದರೆ, ಎತ್ತರದ ನೆಲದ ತಂಪಾದ ರಾತ್ರಿಗಳು ವೈನಿಗೆ ಜೀವಾಳವಾದ ಹುಳಿಯನ್ನು ಕಾಯುತ್ತವೆ; ಬಿಸಿಲು-ತಂಪುಗಳ ಈ ಹದವೇ ಈ ಸೀಮೆಯ ನಿಜವಾದ ಸಂಪತ್ತು. ಈ ಸಂಪತ್ತು ಬೆಳೆಗಾರರಿಗೂ ದಕ್ಕಬೇಕಾದರೆ, ರಾಜ್ಯವು 2007ರಲ್ಲಿ ರೂಪಿಸಿದ ವೈನ್ ನೀತಿಯ ಫಲವು ತಯಾರಿಕಾ ಘಟಕಗಳಷ್ಟಕ್ಕೇ ನಿಲ್ಲದೆ, ಬೇಗ ಕೆಡುವ ಹಣ್ಣನ್ನು ಸಿಕ್ಕ ಬೆಲೆಗೆ ಮಾರಬೇಕಾದ ಸಣ್ಣ ಹಿಡುವಳಿದಾರರಿಗೂ ತಲುಪಬೇಕು.