ಕೊಟ್ಟಿಗೆಯಲ್ಲಿ ಹುಟ್ಟಿದ ಮದ್ದು

ಜಂಬೂಸವಾರಿಯ ದಿನ ಅರಮನೆಯ ಬಳಿ 21 ಕುಶಾಲತೋಪು ಹಾರುತ್ತವೆ. ಗಾಳಿ ಇತ್ತ ಬೀಸಿದರೆ ಒಂಟಿಕೊಪ್ಪಲಿನ ಜಗಲಿಯಲ್ಲಿ ಕೂತವರಿಗೂ ಅದರ ಗುಡುಗು ಕೇಳೀತು. ಆ ತೋಪಿನ ಹೊಟ್ಟೆಗೆ ತುಂಬುವುದು ಹಳೆಯ ಕರಿಮದ್ದನ್ನೇ. ಟಿಪ್ಪುವಿನ ಪಡೆ ಸುಟ್ಟದ್ದೂ ಅದೇ ಜಾತಿಯ ಮದ್ದು, ಅವನನ್ನು ಸೋಲಿಸಿದ ಈಸ್ಟ್ ಇಂಡಿಯಾ ಕಂಪನಿಯ ಪಡೆ ಸುಟ್ಟದ್ದೂ ಅದೇ.

ಪೆಟ್ಲುಪ್ಪು, ಇದ್ದಿಲು, ಗಂಧಕ: ಇಷ್ಟೇ ಸಾಮಾನು. ಇಂಗ್ಲಿಷರ ಅಳತೆಯಲ್ಲಿ ನೂರು ಪಾಲಿಗೆ 75, 15, 10. ಇದ್ದಿಲಿಗೆ ಹಗುರವಾದ ಕಡ್ಡಿ ಬೇಕು. ಬಂಗಾಳದ ಇಷಾಪುರದ ಕಂಪನಿ ಕಾರ್ಖಾನೆಯಲ್ಲಿ ಅದಕ್ಕೆ ತೊಗರಿ ಕಡ್ಡಿ ಸುಡುತ್ತಿದ್ದರು. ನಮ್ಮ ಸಾರಿನ ಬೇಳೆಯ ಗಿಡವೇ!

ಆದರೆ ಮದ್ದಿನ ಜೀವ ಇರುವುದು ಪೆಟ್ಲುಪ್ಪಿನಲ್ಲಿ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಮುಚ್ಚಿದ ನಳಿಗೆಯಲ್ಲೂ ಮದ್ದು ಉರಿಯುತ್ತದೆ. ಇದು ಹುಟ್ಟುವುದು ಕೊಟ್ಟಿಗೆಯ ಮಣ್ಣಿನಲ್ಲಿ. ಗಂಜಲ, ಸಗಣಿಯಿಂದ ಬರುವ ಅಮೋನಿಯವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಬೇಸಿಗೆಯಲ್ಲಿ ತೇವ ಆರಿದಂತೆ ಅದು ನೆಲದ ಮೇಲೆ ಬಿಳಿ ಪುಡಿಯಾಗಿ ಏಳುತ್ತದೆ. ಆ ಮಣ್ಣನ್ನು ಕೆರೆದು, ನೀರು ಸುರಿದು, ಸೋಸಿದ ನೀರಿಗೆ ಮರದ ಬೂದಿ ಬೆರೆಸುತ್ತಿದ್ದರು. ಮಣ್ಣಿನಲ್ಲಿರುವ ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಹೀರಿ ಪಸೆಯಾಗಿಬಿಡುತ್ತದೆ. ಬೂದಿಯ ಪೊಟ್ಯಾಸಿಯಂ ಸೇರಿದರೆ ಅದು ಒಣಗಿ ನಿಲ್ಲುವ ಪೆಟ್ಲುಪ್ಪಾಗುತ್ತದೆ. ಇನ್ನು ಮಣ್ಣಿನಿಂದ ಜೊತೆಗೇ ಬರುವ ಅಡುಗೆ ಉಪ್ಪನ್ನು ಬೇರ್ಪಡಿಸುವ ಜಾಣತನ ನೋಡಿ. ಅಡುಗೆ ಉಪ್ಪು ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಕರಗುತ್ತದೆ. ಪೆಟ್ಲುಪ್ಪು ಕುದಿನೀರಿನಲ್ಲಿ ಧಾರಾಳ ಕರಗಿ, ಆರಿದಾಗ ಹರಳಾಗಿ ತಳಕ್ಕಿಳಿಯುತ್ತದೆ. ನಮ್ಮ ಸೀಮೆಯಲ್ಲಿ ಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು; ರಸಾಯನಶಾಸ್ತ್ರದ ಪುಸ್ತಕ ಓದದೆ ಮಾಡಿದ ರಸಾಯನ ಅದು. ಬಿಹಾರದಲ್ಲಿ ಪೆಟ್ಲುಪ್ಪಿನ ವ್ಯಾಪಾರದ ಏಕಸ್ವಾಮ್ಯವನ್ನು ಕಂಪನಿ 1758ರಲ್ಲೇ ಕೈವಶ ಮಾಡಿಕೊಂಡಿತು. ಪ್ಲಾಸಿ ಯುದ್ಧದ ಮರುವರ್ಷವೇ ಎಂಬುದು ಕಾಕತಾಳೀಯವಲ್ಲ.

ಮೂರನ್ನೂ ಒಣಗಿದ್ದಾಗಲೇ ಕಲಸಿದರೆ ಸಾಲದು. ನೀರು ಚಿಮುಕಿಸಿ ಗಂಟೆಗಟ್ಟಲೆ ಅರೆದು, ಬಿಲ್ಲೆಯಾಗಿ ಒತ್ತಿ, ಒಡೆದು, ಜರಡಿ ಹಿಡಿದು ರವೆಯಂತೆ ಕಾಳು ಮಾಡಬೇಕು. ಕಾಳಿನ ಸಂದಿನಲ್ಲಿ ಕಿಡಿ ಓಡಿ ಎಲ್ಲವೂ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಬರಿ ಹಿಟ್ಟಾದರೆ ಸಾಗಣೆಯ ಕುಲುಕಾಟಕ್ಕೆ ಮೂರೂ ಬೇರೆ ಬೇರೆಯಾಗಿ ಹೋಗುತ್ತವೆ.

ಕೂಡಿಡುವುದೂ ಅಷ್ಟೇ ಕಷ್ಟ. ಶ್ರೀರಂಗಪಟ್ಟಣದ ಮದ್ದಿನ ಮನೆಗಳ ತಳ ನೆಲಮಟ್ಟಕ್ಕಿಂತ ಕೆಳಗಿದೆ, ಇಟ್ಟಿಗೆ ಗಾರೆಯ ಗೋಡೆ ದಪ್ಪ. ಆದರೂ ಕಂಪನಿಯ ಪಡೆ ಮುತ್ತಿಗೆ ಹಾಕಿದ್ದಾಗ, 1799ರ ಮೇ 2ರಂದು, ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಗುಂಡು ಬಿದ್ದು ಭಾರೀ ಸ್ಫೋಟವಾಯಿತು. ಎರಡು ದಿನಕ್ಕೆ ಕೋಟೆಯೇ ಬಿತ್ತು.

ಅಂಥದೊಂದು ಮದ್ದಿನ ಮನೆ ಜೋಡಿ ರೈಲು ಹಳಿಗೆ ಅಡ್ಡವಾಗಿತ್ತು. 2017ರಲ್ಲಿ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಶ್ರೀರಂಗಪಟ್ಟಣ ಸ್ಟೇಷನ್ನಿನಲ್ಲಿ ಇಳಿದಾಗ ನೋಡಿಕೊಂಡು ಬನ್ನಿ.